ಚಿತ್ರವಿಲ್ಲದ ಊರುಗಳ ನಕ್ಷೆ: ಈ ಮಳೆಗಾಲದ ಕೆಲಸ

ಸಾಗರದ ಮನೆಯಲ್ಲಿ ಕುಳಿತು ನಾನು ನೋಡಿಕೊಳ್ಳುತ್ತಿರುವ ಈ ಪುಟ್ಟ ಮುಕ್ತ ತಂತ್ರಾಂಶಕ್ಕಿರುವುದು ಒಂದೇ ಕೆಲಸ. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ, ವಿಕಿಪೀಡಿಯದ ಸೋದರ ಯೋಜನೆಯಾದ ಮುಕ್ತ ಮಾಹಿತಿಕೋಶ ವಿಕಿಡೇಟಾದಲ್ಲಿ ನಮೂದಾಗಿದ್ದರೂ ಚಿತ್ರವಿಲ್ಲದ ಊರು, ಗುಡಿ, ಕೆರೆಗಳನ್ನು ಹುಡುಕಿ ಅದು ನಕ್ಷೆಯ ಮೇಲೆ ತೋರಿಸುತ್ತದೆ. ಅಕ್ಷಾಂಶ ರೇಖಾಂಶಗಳನ್ನು ತಿಳಿಸುವ ಪಿ625 ಇದ್ದು, ಚಿತ್ರವನ್ನು ಸೂಚಿಸುವ ಪಿ18 ಇಲ್ಲದಿದ್ದರೆ ಅಲ್ಲೊಂದು ಕೆಂಪು ಚುಕ್ಕೆ ಮೂಡುತ್ತದೆ. ಕ್ಯಾಮೆರಾ ಹಿಡಿದು ಇಕ್ಕೇರಿಗೋ ತಾಳಗುಂದಕ್ಕೋ ಹೊರಟವರು, ದಾರಿಯಲ್ಲಿ ಇನ್ನಾವುದರ ಚಿತ್ರ ಬೇಕಾಗಿದೆ ಎಂಬುದನ್ನು ಮೊದಲೇ ನೋಡಿಕೊಳ್ಳಲಿ ಎಂಬುದು ನನ್ನ ಆಸೆ.

ಕೋಡ್ ಹೇಗಿರಬೇಕೆಂಬ ನಿರ್ಧಾರ ನನ್ನದಾದರೂ, ಅದಕ್ಕೆ ನೆಲೆ ಕೊಟ್ಟಿರುವುದು, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಸರ್ವರ್ ವ್ಯವಸ್ಥೆಯಾದ ಟೂಲ್‌ಫೋರ್ಜ್. ಆಷಾಢದ ಗಾಳಿಗೆ ಮರ ಬಿದ್ದು ನಮ್ಮ ಕಡೆ ಎರಡು ದಿನ ಕರೆಂಟ್ ಇಲ್ಲದಿದ್ದಾಗಲೂ ನಕ್ಷೆ ಎಂದಿನಂತೆ ತೆರೆಯುತ್ತಿತ್ತು. ಈ ಆಸರೆಗೆ ಹಣ ಕೊಡಬೇಕಾಗಿಲ್ಲ. ಆದರೆ ಅಲ್ಲಿನ ಕಟ್ಟುಪಾಡುಗಳನ್ನು ಪಾಲಿಸಬೇಕು. ಕೋಡ್ ಮುಕ್ತ ಪರವಾನಗಿಯಲ್ಲಿರಬೇಕು, ಬಳಸುವವರ ಐಪಿ ವಿಳಾಸ ಹೊರಗಿನ ಸರ್ವರ್‌ಗಳಿಗೆ ಸೋರಬಾರದು. ಹೀಗಾಗಿ, ಹೊರಗಿನಿಂದ ತರಿಸುತ್ತಿದ್ದ ನಕ್ಷೆಯ ಲೈಬ್ರರಿಯನ್ನು (ನಕ್ಷೆ ಮೂಡಿಸುವ ಸಿದ್ಧ ಕೋಡನ್ನು) ಟೂಲ್‌ಫೋರ್ಜ್‌ನಲ್ಲಿಯೇ ಇರುವ ಪ್ರತಿಯಿಂದ ತರಿಸುವಂತೆ ಜೂನ್‌ನಲ್ಲಿ ಬದಲಿಸಿದೆ. 2024ರ ಮಾರ್ಚ್‌ನಲ್ಲಿ ಕೆಲಸಗಳನ್ನು ಸರ್ವರ್‌ಗಳಿಗೆ ಹಂಚುತ್ತಿದ್ದ ಅಲ್ಲಿನ ಹಳೆಯ ವ್ಯವಸ್ಥೆ ಗ್ರಿಡ್ ಎಂಜಿನ್ ನಿಂತುಹೋಗಿ, ರಾತ್ರಿ ತಾನಾಗಿಯೇ ನಡೆಯುವ ಕೆಲಸಗಳನ್ನು ಹೊಸ ವ್ಯವಸ್ಥೆಯಾದ ಕುಬರ್ನೆಟೀಸ್‌ಗೆ ಸಾಗಿಸಬೇಕಾದಾಗ ನನಗೆ ಅದು ಹೊರೆಯೆನಿಸಿತ್ತು. ಈಗ ಹಾಗನಿಸುವುದಿಲ್ಲ, ಆ ನೆಪದಲ್ಲಿ ಬರೆದಿಟ್ಟ ಟಿಪ್ಪಣಿಗಳೇ ಈ ವರ್ಷ ಕೈಹಿಡಿದವು.

ಜುಲೈ ತಿಂಗಳ ಬಹುಪಾಲು ಒಂದೇ ದೋಷದ ಬೆನ್ನುಹತ್ತುವುದರಲ್ಲಿ ಕಳೆಯಿತು. ಸ್ವಯಂಸೇವಕರು ಕಳುಹಿಸಿದ ಊರುಗಳ ಪಟ್ಟಿಯಲ್ಲಿ ಸಾಗರ, ಶಿಕಾರಿಪುರ ವಿಕಿಡೇಟಾದ ಹೆಸರುಗಳೊಂದಿಗೆ ಸರಿಯಾಗಿ ಹೊಂದುತ್ತಿದ್ದವು. ಹೊಸನಗರ, ಸೊರಬ, ಕೊನೆಗೆ ಶಿವಮೊಗ್ಗ ಕೂಡ ಹೊಂದುತ್ತಿರಲಿಲ್ಲ. ಪರದೆಯ ಮೇಲೆ ಎರಡೂ ಕಡೆಯ ಹೆಸರು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕಾಣುತ್ತಿತ್ತು. ಪೈಥಾನ್‌ನಲ್ಲಿ ಉದ್ದ ಎಣಿಸಿದಾಗ ಮಾತ್ರ ಒಂದು ‘ಹೊಸನಗರ’ದಲ್ಲಿ 6 ಸಂಕೇತಗಳೂ ಇನ್ನೊಂದರಲ್ಲಿ 7 ಸಂಕೇತಗಳೂ ಸಿಕ್ಕವು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಗೊತ್ತುಮಾಡುವ ಯುನಿಕೋಡ್‌ನಲ್ಲಿ ‘ಹೊ’ ಅಕ್ಷರದ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ವಿಕಿಡೇಟಾವನ್ನು ನಡೆಸುವ ತಂತ್ರಾಂಶ ಮೀಡಿಯಾವಿಕಿ ತನಗೆ ಬಂದ ಪಠ್ಯವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಾನೇ ತಂದುಕೊಳ್ಳುತ್ತದೆ; ನನ್ನ ತಂತ್ರಾಂಶ ಅದನ್ನು ಮಾಡುತ್ತಿರಲಿಲ್ಲ. ತಿದ್ದುಪಡಿ ಒಂದೇ ಸಾಲಿನದು. ಆದರೆ ಕನ್ನಡದ ಹೆಸರುಗಳೊಂದಿಗೆ ಕೆಲಸ ಮಾಡುವ ಯಾವ ತಂತ್ರಾಂಶದಲ್ಲಿಯೂ ಆ ಸಾಲು ಮೊದಲ ದಿನವೇ ಇರಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

ವಿಕಿಡೇಟಾದ ಪ್ರಶ್ನೆ ಸೇವೆ ಒಂದು ಪ್ರಶ್ನೆಗೆ 60 ಸೆಕೆಂಡುಗಳಷ್ಟೇ ಸಮಯ ಕೊಡುವುದರಿಂದ ಜಿಲ್ಲೆಗೆಲ್ಲ ಒಂದೇ ಪ್ರಶ್ನೆ ಕೇಳುವುದನ್ನು ಬಿಟ್ಟು ತಾಲ್ಲೂಕಿಗೊಂದರಂತೆ ಕೇಳಲಾರಂಭಿಸಿದ್ದೇನೆ.

ಆಗಸ್ಟ್‌ನ ಕೆಲಸವೇ ನನಗೆ ಎಲ್ಲಕ್ಕಿಂತ ಮುಖ್ಯವಾದುದು. ನಿರ್ವಾಹಕರು ಕೈಬಿಟ್ಟ ಸಲಕರಣೆಯನ್ನು (ಇಂತಹ ತಂತ್ರಾಂಶವನ್ನು) ಬೇರೆಯವರು ವಹಿಸಿಕೊಳ್ಳಲು ಟೂಲ್‌ಫೋರ್ಜ್‌ನಲ್ಲಿ ನಿಯಮಬದ್ಧವಾದ ದಾರಿಯಿದೆ. ಆದರೂ ಅಲ್ಲಿಯವರೆಗೆ ಕಾಯಿಸುವುದು ಸರಿಯಲ್ಲವೆನಿಸಿ, ತೀರ್ಥಹಳ್ಳಿಯ ಶಿಕ್ಷಕಿಯೊಬ್ಬರನ್ನು ಎರಡನೆಯ ನಿರ್ವಾಹಕರಾಗಿ ಸೇರಿಸಿಕೊಂಡೆ. ಅವರು ತಮ್ಮ ಖಾತೆಯಿಂದ ಒಳಬಂದು, ‘ಬಿಕಮ್’ ಆದೇಶದಿಂದ ಸಲಕರಣೆಯ ಖಾತೆಗೆ ದಾಟಿ, ನನ್ನ ಟಿಪ್ಪಣಿಯನ್ನಷ್ಟೇ ನೋಡಿಕೊಂಡು ವೆಬ್ ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸಿದರು. ಟಿಪ್ಪಣಿಯಲ್ಲಿ ನಾನು ಬಿಟ್ಟಿದ್ದ ಒಂದು ಹೆಜ್ಜೆಯನ್ನೂ ಅವರೇ ಗುರುತಿಸಿ ಸೇರಿಸಿದರು. ಈಗ ಅನುವಾದಕರಿಗೆ ಪ್ರತಿ ಸಂದೇಶದ ಸಂದರ್ಭವನ್ನು ವಿವರಿಸುವ ಕ್ಯೂಕ್ಯೂಕ್ಯೂ ಕಡತವನ್ನು ಇಬ್ಬರೂ ಸೇರಿ ತುಂಬುತ್ತಿದ್ದೇವೆ. ‘ತೆಗೆ’ ಎಂಬ ಗುಂಡಿ ಚಿತ್ರ ತೆಗೆಯುವುದಕ್ಕೋ ಚುಕ್ಕೆಯನ್ನು ಅಳಿಸುವುದಕ್ಕೋ ಎಂದು ಅವರು ಕೇಳಿದ್ದರಿಂದ, ಅದನ್ನು ‘ನಕ್ಷೆಯಿಂದ ಅಳಿಸು’ ಎಂದು ಬದಲಿಸಿದ್ದೇವೆ.