ಲೆಕ್ಕಕ್ಕೆ ಬಾರದ ಮೀನು

ಕಳೆದ ವಾರ ಒಂದು ವಿಡಿಯೋ ನೋಡಿದೆ. ಸೀಗಡಿ ಹಿಡಿಯುವ ಟ್ರಾಲರ್, ಅಂದರೆ ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ದೋಣಿ, ಒಂದರ ಮೇಲೆ ಕಟ್ಟಿದ್ದ ಕ್ಯಾಮೆರಾದ್ದು. ಮಾತಿಲ್ಲ, ಸಂಗೀತ ಇಲ್ಲ, ಬರೀ ಇಂಜಿನ್ ಸದ್ದು. ಬಲೆ ಮೇಲೆ ಬರುತ್ತದೆ, ಅದರ ತುದಿಯ ಚೀಲ ಉಬ್ಬಿಕೊಂಡು ನೇತಾಡುತ್ತಿರುತ್ತದೆ, ಒಬ್ಬ ಬಂದು ಕೆಳಗಿನ ಗಂಟು ಎಳೆಯುತ್ತಾನೆ, ಒಳಗಿದ್ದದ್ದೆಲ್ಲ ಒಂದೇ ಸಲ ಡೆಕ್ ಮೇಲೆ ಸುರಿದುಬಿಡುತ್ತದೆ. ಇಬ್ಬರು ಮಂಡಿಯೂರಿ ಕೂತು ಸೀಗಡಿ ಆರಿಸಿ ಬುಟ್ಟಿಗೆ ಹಾಕುತ್ತಾರೆ. ಬುಟ್ಟಿ ತುಂಬುತ್ತದೆ, ಆದರೆ ರಾಶಿ ಕರಗಿದ ಹಾಗೆ ಕಾಣುವುದೇ ಇಲ್ಲ. ಆಮೇಲೆ ಒಬ್ಬ ಸಲಿಕೆ ತಂದು ಉಳಿದದ್ದನ್ನೆಲ್ಲ ಪಕ್ಕದ ಕಿಂಡಿಯಿಂದ ನೀರಿಗೆ ತಳ್ಳುತ್ತಾನೆ. ಬೆರಳುದ್ದದ ಮರಿಮೀನುಗಳು, ಏಡಿ, ಚಪ್ಪಟೆ ಮೀನು, ಒಂದು ಪುಟ್ಟ ಶಾರ್ಕ್. ಅಷ್ಟು ಹೊತ್ತಿಗೆ ಹಿಂದೆ ಹಕ್ಕಿಗಳ ಹಿಂಡೇ ಸೇರಿರುತ್ತದೆ.

ಹೀಗೆ ಬಯಸದೆ ಬಲೆಗೆ ಬೀಳುವುದಕ್ಕೆ ಬೈಕ್ಯಾಚ್ ಅಂತಾರೆ. ಡಾಲ್ಫಿನ್, ಆಮೆ ಅಂದರೆ ನಮಗೆಲ್ಲ ಮನಸ್ಸು ಕರಗುತ್ತದೆ, ಕರಗಬೇಕು ಕೂಡ. ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿರುವ ವಾಕೀಟಾ ಅನ್ನುವ ಪುಟ್ಟ ಕಡಲಹಂದಿ (ಡಾಲ್ಫಿನ್‌ನ ನೆಂಟ), 1997ರ ಗಣತಿಯಲ್ಲಿ ಸುಮಾರು 567 ಇದ್ದದ್ದು, ಈಗ ಹತ್ತರ ಆಸುಪಾಸಿಗೆ ಬಂದು ನಿಂತಿದೆ. ಅದನ್ನು ಬೇಕಂತ ಯಾರೂ ಹಿಡಿಯಲಿಲ್ಲ. ಬೇರೆ ಮೀನಿಗೆ ಬಿಟ್ಟ ಬಲೆಗೆ ಸಿಕ್ಕಿ, ಉಸಿರಿಗೆ ಮೇಲೆ ಬರಲಾಗದೆ ಸತ್ತವು. ಇದೆಲ್ಲ ಸುದ್ದಿಯಾಗುತ್ತದೆ. ಆ ಸಲಿಕೆಯಲ್ಲಿ ಹೋದ ಮರಿಮೀನು ಸುದ್ದಿಯಾಗುವುದಿಲ್ಲ. ನನ್ನನ್ನು ಕಾಡುತ್ತಿರುವುದು ಅದು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ವಾಪಸ್ ನೀರಿಗೆ ಬಿಟ್ಟರಲ್ಲ, ಬದುಕಿಕೊಳ್ಳುತ್ತದೆ ಬಿಡಿ ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಬಹುಪಾಲು ಬದುಕುವುದಿಲ್ಲ. ಟ್ರಾಲ್ ಬಲೆಯನ್ನು ಗಂಟೆಗಟ್ಟಲೆ ಎಳೆಯುತ್ತಾರೆ, ಮೊದಲು ಒಳಹೊಕ್ಕ ಮೀನಿನ ಮೇಲೆ ಆಮೇಲೆ ಬಂದದ್ದರ ಭಾರವೆಲ್ಲ ಬೀಳುತ್ತದೆ, ಮೈಯ ಪೊರೆ ಕಿತ್ತುಹೋಗುತ್ತದೆ. ಆಳದಿಂದ ಸರ್ರನೆ ಮೇಲೆ ಎಳೆದಾಗ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬುತ್ತದೆ. ಎಷ್ಟು ಉಬ್ಬುತ್ತದೆ ಅಂದರೆ ಕೆಲವು ಮೀನುಗಳ ಜಠರವೇ ಬಾಯಿಂದ ಹೊರಗೆ ಬಂದಿರುತ್ತದೆ, ಕಣ್ಣು ಗುಡ್ಡೆ ಕಿತ್ತು ಬಂದ ಹಾಗಿರುತ್ತದೆ. ಅಂಥ ಮೀನನ್ನು ನೀರಿಗೆ ಹಾಕಿದರೆ ಮುಳುಗಲೂ ಆಗದೆ ತೇಲುತ್ತಿರುತ್ತದೆ. ಹಕ್ಕಿಗಳು ಕಾಯುತ್ತಿರುವುದು ಅದಕ್ಕೇ. ಗಾಳಿಚೀಲ ಇಲ್ಲದ ಕೆಲವು ಜಾತಿಗಳು, ಬೇಗ ಬಿಟ್ಟರೆ, ಬದುಕುವುದುಂಟು. ಎಲ್ಲವೂ ಆ ಪುಣ್ಯ ಮಾಡಿರುವುದಿಲ್ಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಟನ್ ಹೀಗೆ ಸಮುದ್ರಕ್ಕೆ ವಾಪಸ್ ಎಸೆಯಲಾಗುತ್ತದೆ. ಹಿಡಿದದ್ದರಲ್ಲಿ ಹತ್ತಕ್ಕೆ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಅರ್ಧಕ್ಕೆ ಹತ್ತಿರ ಬರೀ ತಳ ಗುಡಿಸುವ ಟ್ರಾಲ್ ಬಲೆಗಳದ್ದು. ಬಿಸಿ ಸಮುದ್ರಗಳ ಸೀಗಡಿ ಬಲೆಗಳಲ್ಲಂತೂ ಒಂದು ಕಿಲೋ ಸೀಗಡಿಗೆ ಐದು, ಹತ್ತು ಕಿಲೋ ಬೇರೆಯದು ಬಂದ ದಾಖಲೆಗಳಿವೆ.

ಇಲ್ಲಿಂದ ಮುಂದಿನದು ಲೆಕ್ಕದ ಮಾತು. ಒಂದು ಜಾತಿಯ ಮೀನನ್ನು ವರ್ಷಕ್ಕೆ ಎಷ್ಟು ಹಿಡಿಯಬಹುದು ಅಂತ ತೀರ್ಮಾನಿಸುವವರು, ಸಮುದ್ರದಲ್ಲಿ ಎಷ್ಟಿದೆ, ಎಷ್ಟು ಸಾಯುತ್ತಿದೆ ಎಂಬುದರ ಮೇಲೆ ಹೇಳಬೇಕು. ಎಷ್ಟು ಸಾಯುತ್ತಿದೆ ಅನ್ನುವುದಕ್ಕೆ ಸುಲಭವಾಗಿ ಸಿಗುವ ಆಧಾರ ಅಂದರೆ ದಡಕ್ಕೆ ಬಂದು ತೂಕಕ್ಕೆ ಹಾಕಿದ ಮೀನು. ಉದಾಹರಣೆಗೆ ನೂರು ಟನ್ ಹಿಡಿಯಿರಿ ಅಂದರು, ದಡಕ್ಕೆ ಸರಿಯಾಗಿ ನೂರೇ ಬಂತು, ಆದರೆ ಅದೇ ಜಾತಿಯ ಚಿಕ್ಕ ಮೀನು ಮೂವತ್ತು ಟನ್ ದಾರಿಯಲ್ಲೇ ಸತ್ತು ನೀರಿಗೆ ಹೋಯಿತು ಅಂದುಕೊಳ್ಳಿ. ಪುಸ್ತಕದಲ್ಲಿ ನೂರು, ಸಮುದ್ರದಲ್ಲಿ ನೂರಾಮೂವತ್ತು. ಮೂವತ್ತು ಟನ್ ಮರಿಮೀನು ಅಂದರೆ ತಲೆ ಎಣಿಕೆಯಲ್ಲಿ ದೊಡ್ಡ ಮೀನಿಗಿಂತ ಎಷ್ಟೋ ಪಟ್ಟು ಜಾಸ್ತಿ, ಅಲ್ವಾ? ಒಂದು ಸಲವೂ ಮೊಟ್ಟೆ ಇಡದೆ ಹೋದವು ಅವು. ಎರಡು ಮೂರು ವರ್ಷ ಬಿಟ್ಟು ನೋಡಿದರೆ ಬರಬೇಕಾಗಿದ್ದ ಮೀನು ಬಂದಿರುವುದಿಲ್ಲ. ಆಗ ನೀರು ಬಿಸಿಯಾಯಿತು, ಮಳೆ ಹೆಚ್ಚುಕಮ್ಮಿ ಆಯಿತು ಅಂತ ಹುಡುಕಾಟ ಶುರು. ಅವೂ ಕಾರಣ ಇರಬಹುದು. ಆದರೆ ಬರೆದಿಡದ ಸಾವನ್ನು ಆಮೇಲೆ ಹುಡುಕಿ ತೆಗೆಯುವುದು ತುಂಬಾ ಕಷ್ಟ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಾಡ್ ಮೀನಿನ ಕತೆ ಕೇಳಿರುತ್ತೀರಿ. 1992ರ ಜುಲೈ 2ರಂದು ಸರ್ಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು, ಸುಮಾರು 30,000 ಜನರ ಕೆಲಸ ಹೋಯಿತು. ಮುಖ್ಯ ತಪ್ಪು ಮಿತಿಮೀರಿ ಹಿಡಿದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಳೆ ಕಾಡ್ ಮೀನುಗಳನ್ನು ಸಮುದ್ರದಲ್ಲೇ ಎಸೆದದ್ದು ಲೆಕ್ಕಕ್ಕೆ ಬರದೆ, ಇರುವುದಕ್ಕಿಂತ ಜಾಸ್ತಿ ಮೀನಿದೆ ಅಂತ ನಂಬಿದ್ದೂ ಇದರಲ್ಲಿ ಸೇರಿದೆ ಎಂದು ಆಮೇಲೆ ಅಧ್ಯಯನ ಮಾಡಿದವರು ತೋರಿಸಿದರು.

ಮೆಕ್ಸಿಕೋ ಕೊಲ್ಲಿಯ ರೆಡ್ ಸ್ನ್ಯಾಪರ್ ಇನ್ನೂ ಸ್ಪಷ್ಟ ಉದಾಹರಣೆ. ಈ ಮೀನು 50 ವರ್ಷಕ್ಕಿಂತ ಜಾಸ್ತಿ ಬದುಕಬಲ್ಲದು. ಮರಿಯಾಗಿದ್ದಾಗ ಕೆಸರು, ಮರಳಿನ ತಳದಲ್ಲಿ ಇರುತ್ತದೆ. ಸೀಗಡಿ ಇರುವುದೂ ಅಲ್ಲೇ, ಬಲೆ ಎಳೆಯುವುದೂ ಅಲ್ಲೇ. ಹಾಗಾಗಿ ಐವತ್ತು ವರ್ಷ ಬಾಳಬೇಕಾದ ಮೀನು ವರ್ಷದೊಳಗೆ, ಸೀಗಡಿಯವರಿಗೂ ಉಪಯೋಗವಿಲ್ಲದೆ ಸಾಯುತ್ತಿತ್ತು. ದೊಡ್ಡ ಸ್ನ್ಯಾಪರ್ ಹಿಡಿಯುವವರಿಗೆ ಎಷ್ಟು ಕಡಿವಾಣ ಹಾಕಿದರೂ ಸಾಲದಾಯಿತು, ಯಾಕೆಂದರೆ ಬುಡದಲ್ಲೇ ಸೋರುತ್ತಿತ್ತು. 1998ರಿಂದ ಅಲ್ಲಿನ ಸೀಗಡಿ ಬಲೆಗಳಿಗೆ ಮೀನು ತಪ್ಪಿಸಿಕೊಳ್ಳುವ ಕಿಂಡಿ ಕಡ್ಡಾಯ ಮಾಡಿದರು. ಮುಂದೆ ಸೀಗಡಿ ದೋಣಿಗಳೂ ಕಡಿಮೆಯಾದವು, ಸ್ನ್ಯಾಪರ್ ಹಿಡಿಯುವ ಮಿತಿಯೂ ಬಿಗಿಯಾಯಿತು, ಮೀನು ಮತ್ತೆ ಹೆಚ್ಚಿತು.

ಎಲ್ಲ ಮೀನಿಗೂ ಹಾಗೆ ಚೇತರಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಐರಿಷ್ ಸಮುದ್ರದಲ್ಲಿ ಕಾಮನ್ ಸ್ಕೇಟ್ ಅಂತ ಒಂದಿತ್ತು, ತೊರಕೆಯ ಹಾಗೆ ಅಗಲವಾದ ದೊಡ್ಡ ಮೀನು. ಹೆಸರಲ್ಲೇ ಕಾಮನ್ ಇದೆ ನೋಡಿ. ಮೊಟ್ಟೆ ಇಡುವ ಪ್ರಾಯಕ್ಕೆ ಬರಲು ಸುಮಾರು 11 ವರ್ಷ ಬೇಕು, ಇಟ್ಟರೂ ವರ್ಷಕ್ಕೆ ಬೆರಳೆಣಿಕೆಯ ಡಜನ್‌ಗಳಷ್ಟೇ. ಮೊಟ್ಟೆ ಒಡೆದು ಬಂದಾಗಲೇ ಮರಿ ಗೇಣುದ್ದ ಇರುತ್ತದೆ, ಅಂದರೆ ಹುಟ್ಟಿದ ದಿನವೇ ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುವಷ್ಟು ದೊಡ್ಡದು. ಹನ್ನೊಂದು ವರ್ಷ ಬಲೆ ತಪ್ಪಿಸಿಕೊಂಡು ಬದುಕಬೇಕು. ಬೇರೆ ಬೇರೆ ಮೀನಿಗೆ ಎಳೆದ ಬಲೆಗಳಲ್ಲೇ ಅದು ಸವೆದುಹೋಗಿ, ಅಲ್ಲಿ ಕಾಣೆಯಾಗಿದೆ ಅಂತ 1981ರಲ್ಲಿ ಒಬ್ಬ ವಿಜ್ಞಾನಿ ಬರೆದರು. ಅಷ್ಟು ದೊಡ್ಡ ಮೀನು ಇಲ್ಲವಾದದ್ದು ಯಾರ ಗಮನಕ್ಕೂ ಬಂದಿರಲಿಲ್ಲ.

ಮೀನುಗಾರರನ್ನು ಬೈಯುವುದು ಸುಲಭ. ನನಗೆ ಅದು ಸರಿ ಕಾಣುವುದಿಲ್ಲ. ಬೇಡದ ಮೀನು ಆರಿಸುವುದು ಅವರಿಗೂ ದಂಡದ ಕೆಲಸ, ಡೀಸೆಲ್ ದಂಡ, ಬಲೆ ಹರಿಯುತ್ತದೆ. ಮಂಜುಗಡ್ಡೆ ಇಡುವ ಜಾಗ ಇಷ್ಟೇ ಇರುವಾಗ ಚಿಕ್ಕ ಮೀನು ಎಸೆದು ದೊಡ್ಡದನ್ನು ಇಟ್ಟುಕೊಳ್ಳುತ್ತಾರೆ. ಪರವಾನಗಿ ಇಲ್ಲದ ಜಾತಿ ಬಂದರೆ ದಡಕ್ಕೆ ತರುವುದೇ ಅಪರಾಧ, ಹಾಗಾಗಿ ಎಸೆಯಲೇಬೇಕು ಅನ್ನುವ ನಿಯಮಗಳೂ ಎಷ್ಟೋ ಕಡೆ ಇದ್ದವು.

ಬಲೆಯನ್ನೇ ಬದಲಿಸುವ ದಾರಿ ನನಗೆ ತುಂಬಾ ಹಿಡಿಸಿತು. ಇದನ್ನು ಮನೆಯಲ್ಲೇ ನೋಡಬಹುದು. ಹಳೇ ಬ್ಯಾಡ್ಮಿಂಟನ್ ನೆಟ್ ಒಂದಿತ್ತು, ತೆಗೆದು ಎಳೆದು ನೋಡಿದೆ. ನೇರವಾಗಿ ಎಳೆದರೆ ಚೌಕದ ಕಣ್ಣುಗಳು ಹಾಗೇ ತೆರೆದಿರುತ್ತವೆ, ಬೆರಳು ಸಲೀಸಾಗಿ ಹೋಗುತ್ತದೆ. ಅದನ್ನೇ ಓರೆಯಾಗಿ, ಮೂಲೆಯಿಂದ ಮೂಲೆಗೆ ಹಿಡಿದು ಎಳೆದೆ. ಕಣ್ಣುಗಳೆಲ್ಲ ಸೀಳಿನ ಹಾಗೆ ಮುಚ್ಚಿಕೊಂಡವು, ಕಿರುಬೆರಳೂ ತೂರಲಿಲ್ಲ. ಸಾಮಾನ್ಯ ಟ್ರಾಲ್ ಬಲೆಯನ್ನು ಹೆಣೆಯುವುದು ಈ ಎರಡನೇ ರೀತಿಯಲ್ಲಿ, ವಜ್ರದ ಆಕಾರಕ್ಕೆ. ನಿಯಮದ ಪ್ರಕಾರ ಕಣ್ಣು ಎಷ್ಟೇ ದೊಡ್ಡದಿರಲಿ, ದೋಣಿ ಎಳೆಯಲು ಶುರು ಮಾಡಿ ಮೀನಿನ ಭಾರ ಬಿದ್ದ ಕೂಡಲೇ ಮುಚ್ಚಿಕೊಳ್ಳುತ್ತದೆ, ಮರಿಗೆ ದಾರಿ ಇರುವುದಿಲ್ಲ. ಅದೇ ಬಲೆಯನ್ನು ಓರೆ ತಿರುಗಿಸಿ ಚೌಕ ಕಣ್ಣಿನ ತುಂಡು ಸೇರಿಸಿದರೆ ಎಷ್ಟೋ ಮರಿಗಳು ನೀರೊಳಗೇ, ಆಳದಲ್ಲೇ ಈಜಿ ಹೊರಬೀಳುತ್ತವೆ. ಅದೇ ದಾರ, ಅದೇ ಗಂಟು, ತಿರುಗಿಸಿ ಹೊಲಿದದ್ದಷ್ಟೇ. ನಾನು ಹತ್ತು ನಿಮಿಷ ಸುಮ್ನೆ ಎಳೆದು ಬಿಡುತ್ತಾ ಕೂತಿದ್ದೆ.

ಆಮೆಗಳಿಗೆ ಬಲೆಯೊಳಗೆ ಓರೆಯಾಗಿ ಕಂಬಿಗಳ ಜಾಲರಿ ಇಡುತ್ತಾರೆ. ಸೀಗಡಿ ಕಂಬಿ ನಡುವೆ ನುಸುಳಿ ಹಿಂದಕ್ಕೆ ಹೋಗುತ್ತದೆ, ಆಮೆ ಜಾಲರಿಗೆ ತಾಗಿ ಜಾರಿ ಮುಚ್ಚಳ ತಳ್ಳಿಕೊಂಡು ಹೊರಗೆ ಹೋಗುತ್ತದೆ. ಸರಿಯಾಗಿ ಕೂರಿಸಿದರೆ ನೂರಕ್ಕೆ 97 ಆಮೆಗಳು ಪಾರಾಗುತ್ತವೆ ಎಂದು ಅಮೆರಿಕದ ಮೀನುಗಾರಿಕೆ ಇಲಾಖೆ ಹೇಳುತ್ತದೆ.

ಕಾನೂನಿನ ದಾರಿಯೂ ಇದೆ. ನಾರ್ವೆ 1987ರಲ್ಲೇ ಕಾಡ್ ಮತ್ತು ಹ್ಯಾಡಕ್ ಮೀನು ಎಸೆಯುವುದನ್ನು ನಿಷೇಧಿಸಿತು. ಹಿಡಿದದ್ದನ್ನು ದಡಕ್ಕೆ ತನ್ನಿ, ಲೆಕ್ಕ ಬರೆಸಿ ಅಂತ. ಮರಿಮೀನು ಜಾಸ್ತಿ ಸಿಗುವ ಜಾಗವನ್ನು ಕೆಲವು ದಿನ ಮುಚ್ಚಿಬಿಡುವ ಕ್ರಮವೂ ಅಲ್ಲಿದೆ, ಅದು ಬಹಳ ಮುಖ್ಯ, ಯಾಕೆಂದರೆ ಬರೀ ಎಸೆಯಬೇಡಿ ಅಂದರೆ ಸತ್ತ ಮರಿ ದಡಕ್ಕೆ ಬರುತ್ತದೆಯೇ ಹೊರತು ಬದುಕುವುದಿಲ್ಲ. ಐರೋಪ್ಯ ಒಕ್ಕೂಟವೂ 2015ರಿಂದ 2019ರ ನಡುವೆ ಹಂತಹಂತವಾಗಿ ಇಂಥದ್ದೇ ನಿಯಮ ತಂದಿತು. ಪಾಲನೆ ಮಾತ್ರ ಕಷ್ಟವಾಗಿದೆ. ದಡದಿಂದ ಅಷ್ಟು ದೂರದಲ್ಲಿ, ನಡುರಾತ್ರಿ, ಯಾರು ನೋಡುತ್ತಾರೆ?

ಅದಕ್ಕೇ ಈಗ ಕೆಲವು ದೇಶಗಳಲ್ಲಿ ದೋಣಿಗೆ ಕ್ಯಾಮೆರಾ ಕಟ್ಟುತ್ತಿದ್ದಾರೆ. ಕೆಲಸ ಮಾಡುವವರಿಗೆ ಇಡೀ ದಿನ ಯಾರೋ ನೋಡುತ್ತಿದ್ದಾರೆ ಅನ್ನುವ ಕಿರಿಕಿರಿ ಇರುತ್ತದೆ, ಅದು ನನಗೆ ಅರ್ಥವಾಗುತ್ತದೆ. ಆದರೂ ಕ್ಯಾಮೆರಾ ಇರಲಿ ಅನ್ನುವ ಕಡೆಗೇ ನಾನು. ಆ ವಿಡಿಯೋವನ್ನು ಮತ್ತೊಮ್ಮೆ ಹಾಕಿ, ಸಲಿಕೆ ಬರುವ ಜಾಗದಲ್ಲಿ ನಿಲ್ಲಿಸಿ ನೋಡಿದೆ. ಕಿಂಡಿಯ ಹತ್ತಿರ ಬೆರಳುದ್ದದ ಒಂದು ಮೀನಿನ ಬಾಲ ಇನ್ನೂ ಎತ್ತಿಕೊಂಡೇ ಇತ್ತು. ಯಾವ ಜಾತಿ ಅಂತ ಆ ಚಿತ್ರ ನೋಡಿ ಎಣಿಸುವವರು ಗುರುತಿಸಿ ಬರೆದುಕೊಳ್ಳಬಹುದು.