ವಿಂಧ್ಯಗಿರಿಯ ಬಂಡೆ, ಅಂಡಮಾನಿನ ಅಂಚು

ಹಾಸನದಿಂದ ಚನ್ನರಾಯಪಟ್ಟಣ ದಾಟಿ ಶ್ರವಣಬೆಳಗೊಳ ಮುಟ್ಟಿದಾಗ ಇನ್ನೂ ಬಿಸಿಲೇರಿರಲಿಲ್ಲ. ಚಪ್ಪಲಿ ಕೆಳಗೆ ಬಿಟ್ಟು ವಿಂಧ್ಯಗಿರಿ ಹತ್ತತೊಡಗಿದೆವು. ಮೆಟ್ಟಿಲುಗಳನ್ನು ಬಂಡೆಯಲ್ಲೇ ಕಡೆದಿದ್ದಾರೆ. ರಾತ್ರಿಯ ತಂಪು ಅಂಗಾಲಿಗೆ ತಾಗುತ್ತಿತ್ತು. ದಣಿವಾರಿಸಿಕೊಳ್ಳಲು ಕುಳಿತಲ್ಲಿ ಕಲ್ಲನ್ನು ಬಗ್ಗಿ ನೋಡಿದೆ: ಬೂದು ಮೈಯಲ್ಲಿ ಬಿಳಿಯ ಕಾಳುಗಳು, ನಡುನಡುವೆ ಕರಿ ಅಭ್ರಕದ ಮಿನುಗು.

ಜೊತೆಗಿದ್ದ ಭಾವ ಸೇನೆಯಿಂದ ನಿವೃತ್ತರಾದವರು. ಭೂಕಂಪ, ಸುನಾಮಿ ಬಂದ 2004ರ ಡಿಸೆಂಬರ್ 26ರಂದು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. “ಇಲ್ಲಿ ಕುಳಿತರೆ ನೆಲ ನಡುಗುತ್ತದೆಂದು ನಂಬುವುದೇ ಕಷ್ಟ ನೋಡು” ಎಂದರು.

“ಭಾವ, ಅಲ್ಲಿ ನೆಲದ ಕೆಳಕ್ಕೆ ನುಗ್ಗಿದ್ದೂ ಈ ಬಂಡೆ ಕುಳಿತಿರುವ ಭೂಫಲಕವೇ” ಎಂದೆ.

ನನ್ನನ್ನು ಬಹುಕಾಲದಿಂದ ಕಾಡಿದ ಸಂಗತಿ ಇದು. ನಮ್ಮ ಗಟ್ಟಿ ನೆಲವೂ ಬಂಗಾಳ ಕೊಲ್ಲಿಯ ತಳವೂ ಒಂದೇ ಭೂಫಲಕದ, ಅಂದರೆ ಮೆಲ್ಲಗೆ ಸರಿಯುವ ಬೃಹತ್ ಶಿಲಾಹಾಸಿನ, ಭಾಗ. ಸುಮಾತ್ರಾದಿಂದ ಅಂಡಮಾನಿನವರೆಗೆ ಅದರ ಪೂರ್ವದ ಅಂಚು ಮತ್ತೊಂದು ಫಲಕದ ಕೆಳಗೆ ಇಳಿಯುತ್ತಿದೆ. ಸಲೀಸಾಗಿ ಜಾರಿದ್ದರೆ ಅನಾಹುತವಿರಲಿಲ್ಲ. ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕೆಳಗಿನದು ನೂಕುತ್ತಲೇ ಇರುತ್ತದೆ. ಮೇಲಿನ ಫಲಕದ ಅಂಚನ್ನು ತನ್ನೊಡನೆ ಕೆಳಕ್ಕೆಳೆಯುತ್ತದೆ, ಅಂಚಿನ ಹಿಂದಿನ ನೆಲ ಮೆಲ್ಲಗೆ ಉಬ್ಬುತ್ತದೆ. ಶತಮಾನಗಳ ಬಿಗಿತ ಕಳಚಿದಾಗ, ಬಗ್ಗಿಸಿದ ಬಿಲ್ಲಿನಂತೆ ಅಂಚು ಮೇಲಕ್ಕೆ ಚಿಮ್ಮುತ್ತದೆ, ಉಬ್ಬಿದ್ದ ನೆಲ ಕುಸಿಯುತ್ತದೆ. ಮೇಲೆ ನಿಂತ ಕಡಲನ್ನೂ ಎತ್ತಿಹಾಕುತ್ತದೆ, ಅದೇ ಸುನಾಮಿ.

ಭಾವ ತಲೆಯಾಡಿಸಿದರು. ಪೋರ್ಟ್ ಬ್ಲೇರ್ ಬಳಿಯ ಸಿಪ್ಪಿಘಾಟಿನ ಗದ್ದೆಗಳಿಗೆ ನುಗ್ಗಿದ ಉಪ್ಪುನೀರು ಹಿಂದೆ ಸರಿಯಲೇ ಇಲ್ಲವಂತೆ. ನೆಲವೇ ಸುಮಾರು ಒಂದು ಮೀಟರ್ ತಗ್ಗಿತ್ತು. ಉತ್ತರ ಅಂಡಮಾನಿನ ಪಶ್ಚಿಮ ದಂಡೆಯಲ್ಲಾದರೋ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದು ಒಣಗಿದವು.

ಕಚ್ಚಿಕೊಂಡ ಮೈ ಎಷ್ಟು ವಿಶಾಲವೋ ಕಂಪನ ಅಷ್ಟು ದೊಡ್ಡದು. ಅಂದು ಬಿರಿದದ್ದು ಸುಮಾರು 1,300 ಕಿಲೋಮೀಟರ್; ತೀವ್ರತೆ 9.1. ಅಳತೆಗೆ ಸಿಕ್ಕ ಅತಿ ದೊಡ್ಡ ಕಂಪನವಾದ ಚಿಲಿಯ 1960ರ 9.5, ಜಪಾನಿನ 2011ರದು, ಇವೂ ಇಂಥ ಅಂಚುಗಳಲ್ಲೇ ಹುಟ್ಟಿದವು.

ಮೇಲೆ ಗೊಮ್ಮಟ. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ಕಡೆಸಿದ ಏಕಶಿಲೆ. ತೊಡೆಯಿಂದ ಮೇಲೆ ಯಾವ ಆಸರೆಯೂ ಇಲ್ಲದೆ ನಿಂತಿದೆ. ಅಂಚು ದೂರವಿರುವುದು ನಮ್ಮ ಪುಣ್ಯ.

ಇಳಿಯುವಾಗ ಭಾವ ಕೇಳಿದರು: “ನಮಗೆ ಬೆಳಿಗ್ಗೆ ಆರೂವರೆಗೇ ನಡುಗಿತ್ತು. ಚೆನ್ನೈಗೆ ಅಲೆ ಬರಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಯಾರೂ ಏಕೆ ಹೇಳಲಿಲ್ಲ?” ಹೇಳುವ ವ್ಯವಸ್ಥೆ ಹಿಂದೂ ಮಹಾಸಾಗರಕ್ಕೆ ಅಂದು ಇರಲೇ ಇಲ್ಲ. ಹೈದರಾಬಾದಿನ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕೆಲಸ ಆರಂಭಿಸಿದ್ದು 2007ರಲ್ಲಿ.