62 ಮುಖಪುಟ, ಒಂದು ಜಾಲತಾಣ: ಇಲ್ಲಿಯವರೆಗಿನ ಕೆಲಸ

ಮೊದಲ ಭಾನುವಾರ

ಒಂಬತ್ತು ವರ್ಷಗಳಿಂದ ಕನ್ನಡ ಪುಸ್ತಕಗಳ ಮುಖಪುಟ ಮಾಡುತ್ತಿದ್ದೇನೆ. ಹೊಸ ಪ್ರಕಾಶಕರು ಯಾರಾದರೂ "ನಿಮ್ಮ ಕೆಲಸ ಕಳುಹಿಸಿ ನೋಡೋಣ" ಎಂದರೆ ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಚಿತ್ರ ಕಳುಹಿಸುವುದು, ಇದುವರೆಗಿನ ನನ್ನ ಪೋರ್ಟ್‌ಫೋಲಿಯೊ ಅಂದರೆ ಇಷ್ಟೇ. ಮೂರನೆಯ ದಿನಕ್ಕೆ ಅದು ಮದುವೆ ಕರೆಯೋಲೆಗಳ ಕೆಳಗೆ ಹೂತುಹೋಗಿರುತ್ತದೆ. ಕೋಡ್ ಬರೆಯಲು ನನಗೆ ಬಾರದು, ಬರೆಸಲು ದುಡ್ಡು ಬಿಚ್ಚುವ ಮನಸ್ಸಿಲ್ಲ. ಆದ್ದರಿಂದ ವೆಬ್‌ಸೈಟ್ ಬಿಲ್ಡರ್, ಅಂದರೆ ಕೋಡ್ ಬರೆಯದೆಯೇ ಜಾಲತಾಣ ಕಟ್ಟಲು ಬಿಡುವ ಸೇವೆ.

ಅಡೋಬಿಯ ವಿನ್ಯಾಸ ತಂತ್ರಾಂಶಗಳ ಕಟ್ಟಾದ ಕ್ರಿಯೇಟಿವ್ ಕ್ಲೌಡ್‌ಗೆ ಚಂದಾ ಕಟ್ಟುವವರಿಗೆ ಅಡೋಬಿ ಪೋರ್ಟ್‌ಫೋಲಿಯೊ ಎಂಬ ಬಿಲ್ಡರ್ ಅದರ ಜೊತೆಗೇ ಬರುತ್ತದೆ. ಸ್ಕ್ವೇರ್‌ಸ್ಪೇಸ್ ಎಂಬ ಇನ್ನೊಂದು 14 ದಿನ ಪುಕ್ಕಟೆ ನೋಡಲು ಬಿಡುತ್ತದೆ. ನಾನು ಹಿಡಿದದ್ದು ಮೂರನೆಯದೊಂದನ್ನು. ಮುಂದೆ ಅದನ್ನು ಬೈಯುವುದಿದೆ, ಹೆಸರು ಬೇಡ.

ಸಿದ್ಧ ವಿನ್ಯಾಸದ ಟೆಂಪ್ಲೇಟ್ ಒಂದನ್ನು ಆರಿಸಿ ಮೇಲುಗಡೆ "ಪುಸ್ತಕ ವಿನ್ಯಾಸ" ಎಂದು ಬೆರಳಚ್ಚಿಸಿದೆ. ಮೊಬೈಲ್ ಪರದೆಯಲ್ಲಿ ಅದು ಎರಡು ಸಾಲಾಯಿತು. 'ಸ್ತ'ದ ತಕಾರದ ಒತ್ತು ನೇರವಾಗಿ ಕೆಳಸಾಲಿನ 'ನ್ಯಾ'ದ ತಲೆಯ ಮೇಲೆ ಕೂತಿತ್ತು. ಟೆಂಪ್ಲೇಟಿನ ಸಾಲಿನ ಅಂತರ ಅಕ್ಷರದ ಅಳತೆಯ 1.1 ಪಟ್ಟು. ಕೆಳಗೆ ಏನೂ ಇಳಿಯದ ದೊಡ್ಡ ಇಂಗ್ಲಿಷ್ ಅಕ್ಷರಗಳಿಗೆ ಅದು ಸಾಕು, ಒತ್ತಕ್ಷರಕ್ಕೆ ಸಾಲದು. 1.5 ಮಾಡಿದ ಮೇಲೆ ಸಾಲುಗಳು ಉಸಿರಾಡಿದವು. ಅಕ್ಷರಗಳ ನಡುವೆ ಬೇಕೆಂದೇ ಬಿಟ್ಟಿದ್ದ ಜಾಗವನ್ನೂ ಸೊನ್ನೆ ಮಾಡಿದೆ. ಇಲ್ಲದಿದ್ದರೆ ಒಂದೇ ಪದ ಜಗಳವಾಡಿ ಬೇರೆ ಬೇರೆ ಕೂತ ಅಣ್ಣತಮ್ಮಂದಿರಂತೆ ಕಾಣುತ್ತಿತ್ತು.

ಟೆಂಪ್ಲೇಟಿನ ಫಾಂಟಿನಲ್ಲಿ ಕನ್ನಡವೇ ಇರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಹಾಗಿದ್ದಾಗ ನೋಡುವವರ ಸಾಧನದಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದೇ ಬಂದು ಕೂರುತ್ತದೆ: ವಿಂಡೋಸ್‌ನಲ್ಲಿ ನಿರ್ಮಲಾ, ಆ್ಯಂಡ್ರಾಯ್ಡ್‌ನಲ್ಲಿ ನೋಟೋ. ಅಕ್ಷರವನ್ನೇ ನಂಬಿ ಬದುಕುವವಳ ತಾಣದಲ್ಲಿ ಇದು ನಡೆಯದು. ಗೂಗಲ್ ಫಾಂಟ್ಸ್‌ನಿಂದ ಶೀರ್ಷಿಕೆಗೆ ಅನೇಕ್ ಕನ್ನಡ, ಬರಹಕ್ಕೆ ತಿರೋ ಕನ್ನಡ ತಂದುಕೊಂಡೆ. ಅನೇಕ್‌ನಲ್ಲಿ ದಪ್ಪದ ಜೊತೆಗೆ ಅಗಲವನ್ನೂ ಹೆಚ್ಚು ಕಡಿಮೆ ಮಾಡಬಹುದು. ಉದ್ದನೆಯ ಶೀರ್ಷಿಕೆಗಳಿಗೆ ಅದೊಂದು ವರ.

ಎರಡನೆಯ ಭಾನುವಾರ

ಇಡೀ ದಿನ ಹಳೆಯ ಹಾರ್ಡ್ ಡಿಸ್ಕ್ ಮುಂದೆ ಕಳೆದೆ. ನನ್ನ ಪುಸ್ತಕಗಳಲ್ಲಿ ಹೆಚ್ಚಿನವು ಡೆಮಿ 1/8, ಅಂದರೆ 5.5 × 8.5 ಇಂಚು. ಮುಂಬದಿ, ಬೆನ್ನು, ಹಿಂಬದಿ ಸೇರಿದ ಪೂರ್ತಿ ಹೊದಿಕೆ ಅಚ್ಚಿನ ಗುಣಮಟ್ಟದಲ್ಲಿ 35 ಎಂಬಿ ದಾಟುತ್ತದೆ. ಅಚ್ಚಿಗೆ ಕಳುಹಿಸಿದ ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಗಳ ಬಣ್ಣಕ್ರಮ) ಕಡತವನ್ನು ಜೆಪೆಗ್ ಮಾಡಿ ಹಾಗೆಯೇ ಏರಿಸಿದ್ದೆ. ಒಂದು ಕಥಾಸಂಕಲನದ ಕುಂಕುಮದ ಕೆಂಪು ಪರದೆಯ ಮೇಲೆ ಜಾತ್ರೆಯ ಪ್ಲಾಸ್ಟಿಕ್ ಚೆಂಡಿನ ಬಣ್ಣಕ್ಕೆ ತಿರುಗಿತು. ಒಂದೊಂದನ್ನೂ ಪರದೆಯ ಬಣ್ಣಕ್ರಮವಾದ ಎಸ್‌ಆರ್‌ಜಿಬಿಗೆ ಬದಲಿಸಿ, ಅಗಲ 1200 ಪಿಕ್ಸೆಲ್‌ಗೆ ಇಳಿಸಿ ಮತ್ತೆ ಏರಿಸಿದೆ.

ಬೆನ್ನುಡಿಗಳದ್ದು ಬೇರೆಯೇ ಕಥೆ. ಹಳೆಯವೆಲ್ಲ ಯೂನಿಕೋಡ್‌ಗೆ (ಈಗ ಎಲ್ಲ ಸಾಧನಗಳೂ ಒಪ್ಪುವ ಅಕ್ಷರ ಸಂಕೇತ ಪದ್ಧತಿ) ಮುಂಚಿನ ರೀತಿಯ ನುಡಿ ಫಾಂಟಿನಲ್ಲಿದ್ದವು. ನಕಲು ಮಾಡಿ ಅಂಟಿಸಿದರೆ ಕನ್ನಡ ಮಾಯವಾಗಿ ಸೊನ್ನೆ, ಗೀಟು ಹೊತ್ತ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದೆ, ಸರಿಯಾಯಿತು ಎಂದುಕೊಂಡೆ. ಆದರೆ ಅಲ್ಲಲ್ಲಿ ಅರ್ಕಾವೊತ್ತು ಜಾಗ ತಪ್ಪಿ 'ಕಾರ್ಯ' ಹೋಗಿ 'ಕಾಯರ್' ಆಗಿತ್ತು, 'ಅರ್ಥ' 'ಅಥರ್' ಆಗಿತ್ತು. ಆ ಫಾಂಟುಗಳಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಕೆಲವು ಕಡೆ ಅದನ್ನು ಮರೆಯುತ್ತದೆ. ಕರಡು ತಿದ್ದುವವರ ಹೊಟ್ಟೆ ತಣ್ಣಗಿರಲಿ, ಒಂದೊಂದೇ ಓದಿ ತಿದ್ದಿದೆ.

ಮೂರನೆಯ ಭಾನುವಾರ

62ರಲ್ಲಿ 14 ಉಳಿದವು. ದಾಕ್ಷಿಣ್ಯಕ್ಕೆ ಮಾಡಿದವು ಮೊದಲು ಹೋದವು. ಲೇಖಕರೇ ಕೂತು ಬಣ್ಣ ಬದಲಿಸಿದವು ಆಮೇಲೆ.

ಎಲ್ಲರೂ ನನ್ನದೆಂದು ಹೊಗಳುವ ಒಂದು ಮುಖಪುಟವಿದೆ. ಚಿತ್ರ ಹಿರಿಯ ಕಲಾವಿದರೊಬ್ಬರದು. ನಾನು ಮಾಡಿದ್ದು ಶೀರ್ಷಿಕೆಯ ಅಕ್ಷರ ಮತ್ತು ಜೋಡಣೆ ಮಾತ್ರ. ಅದನ್ನು ಸುಮ್ಮನೆ ಹಾಕಿಕೊಳ್ಳಲು ಮನಸ್ಸು ಒಪ್ಪಲಿಲ್ಲ, ಫೋನ್ ಮಾಡಿದೆ. "ಹಾಕಿಕೊಳ್ಳಮ್ಮ, ಆದರೆ ಚಿತ್ರ ಕತ್ತರಿಸಬೇಡ" ಎಂದರು. ಕತ್ತರಿಸುವುದಿಲ್ಲ ಸರ್ ಎಂದು ಫೋನಿಟ್ಟು ನೋಡಿದರೆ, ಬಿಲ್ಡರ್ ಎಲ್ಲ ಚಿತ್ರಗಳನ್ನೂ ಚೌಕಾಕಾರಕ್ಕೆ ಕತ್ತರಿಸಿ ಸಾಲಾಗಿ ಇಟ್ಟಿದೆ! ಮೇಲೆ ಶೀರ್ಷಿಕೆ ಅರ್ಧ, ಕೆಳಗೆ ಲೇಖಕರ ಹೆಸರು ಪೂರ್ತಿ ಹಾರಿಹೋಗಿತ್ತು. ಚಿತ್ರದ ಮೂಲ ಅನುಪಾತ ಉಳಿಸುವ ಆಯ್ಕೆ ಮೂರು ಮೆನುಗಳ ಒಳಗೆ ಅಡಗಿತ್ತು, ಹುಡುಕಲು ಒಂದು ಗಂಟೆ ಹಿಡಿಯಿತು. ಈಗ ಆ ಮುಖಪುಟದ ಕೆಳಗೆ ಚಿತ್ರ ಯಾರದು, ಅಕ್ಷರ ಯಾರದು ಎಂದು ಎರಡು ಸಾಲಿದೆ. ಉಳಿದ ಹದಿಮೂರಕ್ಕೂ ಅಂಥ ಸಾಲು ಸೇರಿಸಿದೆ. ಒಂದು ಕಾದಂಬರಿಗೆ ಪ್ರಕಾಶಕರು ಬೇಡವೆಂದ ಮೂರು ಕರಡುಗಳನ್ನೂ ಅವರ ಒಪ್ಪಿಗೆ ಪಡೆದು ಇಟ್ಟಿದ್ದೇನೆ. ನಿಜ ಹೇಳಬೇಕೆಂದರೆ ಎರಡನೆಯದೇ ಚೆನ್ನಾಗಿತ್ತು.

ನಾಲ್ಕನೆಯ ಭಾನುವಾರ

ನಾನು ಯಾವಾಗಲೂ ಹೋಗುವ ಮುದ್ರಣಾಲಯದ ಯಜಮಾನರಿಗೆ ಕೊಂಡಿ ಕಳುಹಿಸಿ ಅವರ ಪಕ್ಕದಲ್ಲೇ ಕೂತೆ. ಮೊದಲ ಪುಟದಲ್ಲಿ ನನ್ನ ಹೆಸರು ಮೆಲ್ಲಗೆ ತೇಲಿಬರುವಂತೆ ಮಾಡಿದ್ದೆ. ಅದು ತೇಲಿ ಮುಗಿಯುವಷ್ಟರಲ್ಲಿ ಅವರು ಎರಡು ಸಲ ಬೆರಳಿನಿಂದ ಪರದೆ ಕುಟ್ಟಿದರು. ಎಲ್ಲ ನೋಡಿ, "ಚೆನ್ನಾಗಿದೆ ಮೇಡಂ, ಕೆಲಸ ಕೊಡಬೇಕೆಂದರೆ ನಿಮ್ಮ ನಂಬರ್ ಎಲ್ಲಿದೆ?" ಎಂದರು. ಸಂಪರ್ಕಕ್ಕೆ ಆರು ಖಾನೆಗಳ ಅರ್ಜಿ ಇಟ್ಟಿದ್ದೆ, ಅದೂ ಕೊನೆಯ ಪುಟದಲ್ಲಿ. ಮನೆಗೆ ಬಂದವಳೇ ಅರ್ಜಿಯನ್ನೂ ತೇಲುವ ಹೆಸರನ್ನೂ ಕಿತ್ತುಹಾಕಿ, ಎಲ್ಲ ಪುಟಗಳಲ್ಲೂ ವಾಟ್ಸ್‌ಆ್ಯಪ್ ಗುಂಡಿ ಇಟ್ಟೆ.

ಉಳಿದಿರುವುದು: ಸ್ವಂತ ಡೊಮೇನ್, ಅಂದರೆ ತಾಣದ ವಿಳಾಸ, ಕೊಳ್ಳುವುದು (ಪುಕ್ಕಟೆ ಯೋಜನೆಯಲ್ಲಿ ಬಿಲ್ಡರ್‌ನ ಜಾಹೀರಾತು ಪಟ್ಟಿ ನೆತ್ತಿಯ ಮೇಲೇ ಇರುತ್ತದೆ), ಇಂಗ್ಲಿಷ್ ಪುಟ, ಪುಸ್ತಕಗಳ ಬೆನ್ನಿನ ಫೋಟೊ. ಮೂರು ಪುಸ್ತಕಗಳ ಪ್ರತಿ ನನ್ನ ಹತ್ತಿರವೇ ಇಲ್ಲ. ನಾಳೆ ಲೇಖಕರಿಗೆ ಫೋನ್ ಮಾಡಿ ಕೇಳಬೇಕು.